ಕರಿನೆಲದ ನಡುಗಡ್ಡೆ

ಜ್ವಾಲಾಮುಖಿ ಎಂಬ ಮಾತು ಕಿವಿಗೆ ಬಿದ್ದೊಡನೆ ನಗರವಾಸಿ ಗೃಹಸ್ಥನ ಕಣ್ಣ ಮುಂದೆ ಬಂದು ನಿಲ್ಲುವುದು ಶಾಲೆಯ ಭೂಗೋಳ ಪುಸ್ತಕದ ಚಿತ್ರ: ಶಂಕುವಿನಾಕಾರದ ಒಂದು ಬೆಟ್ಟ, ಅದರ ನೆತ್ತಿಯಲ್ಲಿ ಹೊಗೆ, ಸುತ್ತಲೂ ನೀಲಿ ಕಡಲು. ಅಂತಹ ನೆಲವನ್ನು ಕಣ್ಣಾರೆ ಕಾಣಬೇಕೆಂಬ ಹಂಬಲ ಹುಟ್ಟಿದರೆ ಆತ ರಜೆಯಲ್ಲಿ ಹೆಂಡತಿ ಮಕ್ಕಳೊಡನೆ ಮಲ್ಪೆಗೆ ಹೋಗುತ್ತಾನೆ; ದೋಣಿಯೇರಿ ಸೇಂಟ್ ಮೇರಿ ದ್ವೀಪವನ್ನು ಮುಟ್ಟಿ, ಅಲ್ಲಿಯ ಕಂಬಗಲ್ಲುಗಳ ಮೇಲೆ ನಿಂತು ಫೋಟೋ ತೆಗೆಸಿಕೊಂಡು ತೃಪ್ತನಾಗಿ ಮರಳುತ್ತಾನೆ. ತಪ್ಪೇನೂ ಇಲ್ಲ. ಮಡಗಾಸ್ಕರ್ ಭಾರತದಿಂದ ಬೇರ್ಪಟ್ಟ ಕಾಲದಲ್ಲಿ, ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಹೆಪ್ಪುಗಟ್ಟಿದ ಶಿಲಾರಸವೇ ಆ ಕಂಬಗಳು. ಆದರೆ ಅದೇ ಗೃಹಸ್ಥ ಬೆಳಗಾವಿಯಿಂದ ಯರಗಟ್ಟಿಯ ಕಡೆಗೆ ಹೋಗುವ ಬಸ್ಸಿನಲ್ಲಿ ಕುಳಿತಾಗ, ನೇಸರಗಿ ಬಂದರೂ ಕಿಟಕಿಯ ಹೊರಗೆ ಒಮ್ಮೆ ನೋಡಿ ಮತ್ತೆ ಕಣ್ಣು ಮುಚ್ಚುತ್ತಾನೆ. ಕರಿಯ ಹೊಲ, ಅದರ ನಡುವೆ ಬೋಳು ಮಡ್ಡಿ, ಮಡ್ಡಿಯ ಮೇಲೆ ನಾಲ್ಕು ಜಾಲಿ. ನೋಡುವುದಕ್ಕೇನಿದೆ?

ಭೂಗರ್ಭಶಾಸ್ತ್ರಜ್ಞರು ಹೇಳುವ ಕತೆ ಪುರಾಣಕ್ಕಿಂತ ಕಡಮೆ ಅದ್ಭುತವಾದುದಲ್ಲ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನಿನ ನೆಲ ಉದ್ದುದ್ದನೆಯ ಬಿರುಕುಗಳಾಗಿ ಸೀಳಿ, ಒಳಗಿನ ಶಿಲಾರಸ ಉಕ್ಕಿ ಹರಿಯಿತು. ಪುಸ್ತಕದ ಶಂಕುಬೆಟ್ಟ ಇಲ್ಲಿ ಕಾಣಸಿಗದಿರುವುದು ಅದಕ್ಕಾಗಿಯೇ. ಬೆಂಕಿ ಒಂದೇ ಬಾಯಿಂದ ಬರಲಿಲ್ಲ. ಬಿರುಕು ಬಿರುಕುಗಳಿಂದ ಬಂದಿತು, ಹೆಪ್ಪುಗಟ್ಟಿದ ಒಂದು ಪದರದ ಮೇಲೆ ಮತ್ತೊಂದು ಪದರವಾಗಿ ಹಾಸಿಕೊಂಡಿತು. ಇಂದಿಗೂ ಸುಮಾರು ಐದು ಲಕ್ಷ ಚದರ ಕಿಲೋಮೀಟರ್ ನೆಲದ ಮೇಲೆ ಆ ಕರಿಗಲ್ಲಿನ ಹೊದಿಕೆಯಿದೆ. ಮಹಾರಾಷ್ಟ್ರದ ಸಹ್ಯಾದ್ರಿಯಲ್ಲಿ ಬಹಳ ದಪ್ಪನಾದ ಈ ಹೊದಿಕೆ ಬೆಳಗಾವಿ ಜಿಲ್ಲೆಯಲ್ಲಿ ತನ್ನ ದಕ್ಷಿಣದ ಸೆರಗಿಗೆ ಬಂದು ತೆಳ್ಳಗಾಗುತ್ತದೆ. ಅಲ್ಲಲ್ಲಿ ಸೆರಗು ಹರಿದು, ಅಡಿಯಲ್ಲಿರುವ ಇನ್ನೂ ಹಳೆಯ ಮರಳುಗಲ್ಲು ಹೊರಗೆ ಇಣುಕುತ್ತದೆ. ಗೋಕಾಕದಲ್ಲಿ ಘಟಪ್ರಭೆ 52 ಮೀಟರ್ ಕೆಳಗೆ ಧುಮುಕುವುದು ಆ ಮರಳುಗಲ್ಲಿನ ಮೇಲಿಂದಲೇ.

ಇದರಲ್ಲಿ ಇನ್ನೂ ಒಂದು ಸ್ವಾರಸ್ಯವಿದೆ. ಆ ಬೆಂಕಿ ಹರಿದ ದಿನಗಳಲ್ಲಿ ಭಾರತ ಇನ್ನೂ ಏಷ್ಯಾ ಖಂಡವನ್ನು ಮುಟ್ಟಿರಲಿಲ್ಲ, ಹಿಮಾಲಯ ತಲೆಯೆತ್ತಿರಲಿಲ್ಲ. ಸುತ್ತಲೂ ಕಡಲಿದ್ದ ಒಂದು ದೊಡ್ಡ ನಡುಗಡ್ಡೆಯಾಗಿ ಈ ನೆಲ ಉತ್ತರಕ್ಕೆ ಸರಿಯುತ್ತಿತ್ತು. ದಖ್ಖನಿನಲ್ಲಿ ಶಿಲಾರಸವನ್ನು ಉಕ್ಕಿಸಿದ ಭೂಗರ್ಭದ ಕಾವು ಈಗ ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದ ಅಡಿಯಲ್ಲಿದೆ ಎಂಬುದು ಬಹುಮಂದಿ ವಿಜ್ಞಾನಿಗಳ ಮತ. ಅಲ್ಲಿಯ ಜ್ವಾಲಾಮುಖಿ ಇಂದಿಗೂ ಆಗಾಗ ಬೆಂಕಿಯುಗುಳುತ್ತದೆ. ಒಲೆ ಇದ್ದಲ್ಲಿಯೇ ಇತ್ತು, ಹಂಚು ಮಾತ್ರ ಸರಿದುಹೋಯಿತು ಎಂದು ರೊಟ್ಟಿ ತಟ್ಟುವ ನಾಡಿನವರು ತಿಳಿದುಕೊಳ್ಳಬಹುದು. ಆದುದರಿಂದ ನೇಸರಗಿಯ ನೆಲವನ್ನು ಜ್ವಾಲಾಮುಖಿ ದ್ವೀಪದ ತುಣುಕೆಂದು ಕರೆದರೆ ಅದು ಅಲಂಕಾರದ ಮಾತೇನೂ ಆಗುವುದಿಲ್ಲ.

ಬೆಂಕಿ ಆರಿತು. ಕಲ್ಲು ಬಿಸಿಲಿಗೆ ಬಿರಿದು, ಮಳೆಗೆ ಕೊಳೆತು ಮಣ್ಣಾಯಿತು. ತಗ್ಗಿನಲ್ಲಿ ಆಳವಾಗಿ ಕೂತ ಮಣ್ಣಿಗೆ ಈ ಸೀಮೆಯ ಜನ ಎರಿ ಎನ್ನುತ್ತಾರೆ. ಎರಿಯ ಗುಣವನ್ನು ಎಷ್ಟು ಹೊಗಳಿದರೂ ಸಾಲದು. ಬೇಸಿಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಅಗಲವಾಗಿ ಬಾಯಿಬಿಡುತ್ತದೆ. ಮಳೆ ಬಿದ್ದರೆ ಉಬ್ಬಿ, ಬಂಡಿಯ ಗಾಲಿಯನ್ನು ಹಿಡಿದು ನಿಲ್ಲಿಸುತ್ತದೆ. ಮುಂಗಾರಿನಲ್ಲಿ ಕುಡಿದ ನೀರನ್ನು ಹೊಟ್ಟೆಯಲ್ಲಿಟ್ಟುಕೊಂಡು, ಹಿಂಗಾರಿಯ ಬಿಳಿಜೋಳಕ್ಕೂ ಕಡಲೆಗೂ ಚಳಿಗಾಲವೆಲ್ಲ ಉಣಿಸುತ್ತದೆ. ಆದರೆ ಎರಿಯ ಬಡ ತಂಗಿಯೊಬ್ಬಳಿದ್ದಾಳೆ. ಆಕೆಯನ್ನು ಕೇಳುವವರಿಲ್ಲ. ಎತ್ತರದಲ್ಲಿ, ಮಣ್ಣೆಲ್ಲ ಕೊಚ್ಚಿಹೋಗಿ, ಕರಿಗಲ್ಲು ಪುಡಿಯಾದ ಗರಸು ಮೇಲಕ್ಕೆ ಬಂದ ನೆಲವೇ ಮಡ್ಡಿ. ಅಲ್ಲಿ ಗೇಣು ಆಳಕ್ಕೆ ಗುದ್ದಲಿ ಕಲ್ಲಿಗೆ ತಾಗುತ್ತದೆ. ಅಲ್ಲಿ ಬೆಳೆಯುವುದು ಮಳೆಗಾಲದಲ್ಲಿ ಮೊಣಕಾಲುದ್ದದ ಹುಲ್ಲು, ಬಾರಿಕಂಟಿ, ಕವಳಿ, ಹಳದಿ ಹೂವಿನ ತಂಗಡಿ, ಅಲ್ಲೊಂದು ಇಲ್ಲೊಂದು ಜಾಲಿ ಮತ್ತು ಕಳ್ಳಿ. ವೈಶಾಖದಲ್ಲಿ ಎರಿಹೊಲಗಳನ್ನೆಲ್ಲ ಹರಗಿ ಬಿಟ್ಟಾಗ, ಕರಿಯ ಕಡಲಿನ ನಡುವೆ ಹೊಂಬಣ್ಣದ ನಡುಗಡ್ಡೆಗಳಂತೆ ಈ ಮಡ್ಡಿಗಳು ಎದ್ದು ಕಾಣುತ್ತವೆ.

ನಿಜವಾದ ಒಣ ಜ್ವಾಲಾಮುಖಿ ದ್ವೀಪವೊಂದನ್ನು ಇದರ ಪಕ್ಕದಲ್ಲಿಟ್ಟು ನೋಡುವುದು ಉಪಯುಕ್ತ. ಆಫ್ರಿಕದ ವಾಯವ್ಯ ತೀರದಾಚೆ, ಅಟ್ಲಾಂಟಿಕ್ ಸಾಗರದಲ್ಲಿ, ಸ್ಪೇನ್ ದೇಶಕ್ಕೆ ಸೇರಿದ ಕೆನರಿ ದ್ವೀಪಗಳಿವೆ. (ಕೆನರಾ ಅಲ್ಲ, ಕೆನರಿ.) ಅವುಗಳಲ್ಲಿ ಆಫ್ರಿಕಕ್ಕೆ ಹತ್ತಿರವಾದ ಲಾಂಜರೋಟೆ ಮತ್ತು ಫ್ಯುಯೆರ್ತೆವೆಂತುರಾಗಳಲ್ಲಿ ಮೋಡವನ್ನು ತಡೆದು ನಿಲ್ಲಿಸುವಷ್ಟು ಎತ್ತರದ ಬೆಟ್ಟಗಳಿಲ್ಲ, ವರ್ಷಕ್ಕೆ ನೂರು, ನೂರೈವತ್ತು ಮಿಲಿಮೀಟರ್ ಮಳೆ ಬಿದ್ದರೆ ಅದೇ ಭಾಗ್ಯ. ಲಾಂಜರೋಟೆಯಲ್ಲಿ 1730ರಿಂದ 1736ರ ವರೆಗೆ ಬೆಂಕಿ ಹರಿದು ಹಳ್ಳಿಗಳನ್ನೂ ಒಳ್ಳೆಯ ಹೊಲಗಳನ್ನೂ ಮುಚ್ಚಿಹಾಕಿತು. ಅಲ್ಲಿ ಉಳಿದ ರೈತರು ಕೈಕಟ್ಟಿ ಕೂರಲಿಲ್ಲ. ಕರಿಯ ಬೂದಿಯಲ್ಲಿ ಗುಳಿ ತೋಡಿ, ಗುಳಿಗೊಂದು ದ್ರಾಕ್ಷಿಯ ಬಳ್ಳಿ ನೆಟ್ಟು, ಗಾಳಿ ಬರುವ ದಿಕ್ಕಿಗೆ ಅರ್ಧಚಂದ್ರಾಕಾರದ ಕಲ್ಲುಗೋಡೆಯಿಟ್ಟು, ಬೂದಿ ಹಿಡಿದಿಟ್ಟ ತೇವದಿಂದಲೇ ಫಸಲು ತೆಗೆಯತೊಡಗಿದರು. ಇಬ್ಬನಿಯನ್ನು ನಂಬಿ ಹಿಂಗಾರಿ ಬಿತ್ತುವ ಬೈಲಹೊಂಗಲದ ಒಕ್ಕಲಿಗನಿಗೆ ಈ ಜನ ಪರಕೀಯರೆನಿಸಲಾರರು.

ಮನುಷ್ಯರಿಗಿಂತ ಹೆಚ್ಚಿನ ನೆಂಟಸ್ತಿಕೆ ಇರುವುದು ಹಕ್ಕಿಗಳಲ್ಲಿ. ಆ ದ್ವೀಪಗಳ ಕಲ್ಲುಬಯಲಿನಲ್ಲಿ ಹೌಬಾರ ಎಂಬ ಉದ್ದಗಾಲಿನ ದೊಡ್ಡ ಹಕ್ಕಿ, ಮರಳುಬಣ್ಣದ ಕೋರ್ಸರ್, ಕಲ್ಲುಗೊರವ, ಕಪ್ಪುಹೊಟ್ಟೆಯ ಕಲ್ಲುಗೌಜಲು ವಾಸಿಸುತ್ತವೆ. ದಖ್ಖನಿನ ಒಣ ಬಯಲಿನ ಪಟ್ಟಿಯನ್ನು ಬರೆದರೆ ಬರುವುದು ಎರೆಭೂತ, ಕೆಂಗಂದು ಬಣ್ಣದ ಕೋರ್ಸರ್, ಕಲ್ಲುಗೊರವ, ಕಂದುಹೊಟ್ಟೆಯ ಕಲ್ಲುಗೌಜಲು. ಒಂದೇ ಮನೆತನದ ಅಣ್ಣತಮ್ಮಂದಿರು ಬೇರೆ ಬೇರೆ ಊರಿನಲ್ಲಿ ನೆಲೆಸಿದಂತಿದೆ. ಈ ಮನೆತನಕ್ಕೆ ಮರ ಬೇಡ, ನೆರಳು ಬೇಡ, ಹೊಳೆಯ ದಂಡೆ ಬೇಡ. ಬೇಕಾದುದು ದೂರದವರೆಗೆ ಕಣ್ಣು ಹಾಯುವ ಬಯಲು, ಓಡಲು ಗಟ್ಟಿ ನೆಲ, ಮೈಬಣ್ಣಕ್ಕೆ ಹೊಂದುವ ಕಲ್ಲು.

ನೇಸರಗಿಯ ಸುತ್ತಿನಂತಹ ಮಡ್ಡಿಯ ಮೇಲೆ ಬೇಸಿಗೆಯ ಮುಂಜಾವಿನಲ್ಲಿ ಕಾಲಿಟ್ಟವನನ್ನು ಮೊದಲು ಎದುರುಗೊಳ್ಳುವುದು ಟಿಟ್ಟಿಭ. ಪಂಚತಂತ್ರದಲ್ಲಿ ತನ್ನ ಮೊಟ್ಟೆಗಳಿಗಾಗಿ ಸಮುದ್ರದೊಡನೆಯೇ ಜಗಳಕ್ಕೆ ನಿಂತ ಹಕ್ಕಿಯ ವಂಶದವನು. ಸ್ವಭಾವ ಇಂದಿಗೂ ಬದಲಾಗಿಲ್ಲ. ಇದರಲ್ಲಿ ಎರಡು ಬಗೆ. ನೀರಿನ ಆಸುಪಾಸಿನಲ್ಲಿರುವ ಕೆಂಪು ಟಿಟ್ಟಿಭವನ್ನು ಎಲ್ಲರೂ ಬಲ್ಲರು. ಕಣ್ಣಿನ ಮುಂದೆ ಹಳದಿಯ ಜೋಲು ತೊಗಲಿರುವ ಇನ್ನೊಂದು ಒಣನೆಲದ ಒಕ್ಕಲು. ಗರಸಿನಲ್ಲಿ ಅಂಗೈಯಗಲದ ತಗ್ಗು ಮಾಡಿ ಅದು ನಾಲ್ಕು ಮೊಟ್ಟೆಯಿಡುತ್ತದೆ. ಗೂಡಿಲ್ಲ, ಮರೆಯಿಲ್ಲ. ಮೊಟ್ಟೆಯ ಮೇಲೆ ಕಲ್ಲಿನದೇ ಬಣ್ಣ, ಕಲ್ಲಿನದೇ ಮಚ್ಚೆ. ಎರಡು ಮಾರು ದೂರದಿಂದ ದಿಟ್ಟಿಸಿದರೂ ಕಾಣದು. ನೆಲ ಹಂಚಿನಂತೆ ಕಾಯುವ ಮಧ್ಯಾಹ್ನಗಳಲ್ಲಿ ತಾಯಿ ತಂದೆಗಳು ದೂರದ ನೀರಿಗೆ ಹೋಗಿ ಹೊಟ್ಟೆಯ ಗರಿಗಳನ್ನು ತೋಯಿಸಿಕೊಂಡು ಬಂದು, ಮೊಟ್ಟೆಗಳ ಮೇಲೆ ಕುಳಿತು ತಂಪು ಮಾಡುತ್ತವೆ. ಇತರ ಹಕ್ಕಿಗಳು ಕಾವು ಕೊಡಲು ಕೂರುತ್ತವೆ. ಇದು ಕಾವು ತೆಗೆಯಲು ಕೂರುತ್ತದೆ.

ಕಲ್ಲುಗೌಜಲಿನ ಗಂಡಿನದು ಇದಕ್ಕೂ ಮೀರಿದ ಸಂಸಾರ. ಮುಂಜಾನೆ ಬಿಸಿಲೇರುವ ಹೊತ್ತಿಗೆ ಈ ಹಕ್ಕಿಗಳು ಗುಂಪುಗುಂಪಾಗಿ ನೀರಿಗೆ ಬರುತ್ತವೆ. ಹೊಟ್ಟೆಯ ಗರಿಗಳು ನೀರನ್ನು ಅರಿವೆಯಂತೆ ಹೀರುತ್ತವೆ. ಗಂಡು ನೀರಿನಲ್ಲಿ ಕುಳಿತು ಮೈಯಲುಗಿಸಿ ಅವನ್ನು ತೋಯಿಸಿಕೊಂಡು ಹಾರುತ್ತದೆ. ಮರಿಗಳು ಆ ಗರಿಗಳಿಗೆ ಬಾಯಿಟ್ಟು ಕುಡಿಯುತ್ತವೆ. 1896ರಲ್ಲಿ ಇಂಗ್ಲಿಷಿನವನೊಬ್ಬ ಇದನ್ನು ಬರೆದಾಗ ಪಂಡಿತರು ಸುಲಭವಾಗಿ ನಂಬಲಿಲ್ಲ; 1967ರಲ್ಲಿ ಆಫ್ರಿಕದ ಹಕ್ಕಿಗಳನ್ನು ಪರೀಕ್ಷಿಸಿ ಇಬ್ಬರು ವಿಜ್ಞಾನಿಗಳು ನಿಜವೆಂದು ತೋರಿಸಿಕೊಟ್ಟರು. ಕೊಡ ಹೊತ್ತು ನೀರಿಗೆ ಹೋಗುವ ಕೆಲಸ ಹೆಂಗಸರದೇ ಎಂದು ನಂಬಿರುವ ನಾಡಿನಲ್ಲಿ ಈ ಗಂಡುಹಕ್ಕಿಯನ್ನು ಯಾರೂ ಇಷ್ಟರವರೆಗೆ ಹೊಗಳದಿರುವುದು ಆಶ್ಚರ್ಯವಲ್ಲ.

ಮಾರ್ಚಿನಿಂದ ಮೊದಲ ಮಳೆಯವರೆಗೆ ಮಡ್ಡಿಯ ಕಲ್ಲುಗಳ ಮೇಲೆ ಇನ್ನೊಂದು ನಾಟಕ. ಬೆರಳುದ್ದದ ಬಡಕಲು ಓತಿಯೊಂದು ಕಲ್ಲೇರಿ ನಿಂತು, ಗಂಟಲಿನಡಿಯ ತೊಗಲನ್ನು ಬೀಸಣಿಗೆಯಂತೆ ಬಿಚ್ಚುತ್ತದೆ: ನೀಲಿ, ಕಪ್ಪು, ಕಿತ್ತಳೆ. ಮುಚ್ಚಿತೆಂದರೆ ಮತ್ತೆ ಮಣ್ಣು. ದಖ್ಖನಿನ ಈ ಬಣ್ಣದ ಬೀಸಣಿಗೆಯವರನ್ನು ಬೇರೆಯೇ ಕುಲವೆಂದು ಗುರುತಿಸಿ, 2016ರಲ್ಲಿ ಅದಕ್ಕೆ ಮರಾಠಿಯ ಮಾತನ್ನೇ ತೆಗೆದುಕೊಂಡು ‘ಸರಡ’ ಎಂಬ ಹೆಸರಿಟ್ಟರು. ಕಲ್ಲಿನಡಿಯಲ್ಲಿ ಉರಿಮಂಡಲ ಹಾವಿರಬಹುದು, ಆದುದರಿಂದ ಕೈಹಾಕತಕ್ಕದ್ದಲ್ಲ. ಮಿರಗದ ಮಳೆ ಬಿದ್ದ ಮರುದಿನ ನೆಲದಿಂದ ಮೇಲಕ್ಕೆ ಬರುವ ಕೆಂಪು ಮಖಮಲ್ಲಿನ ಹುಳುವನ್ನು ಮಕ್ಕಳು ಅಂಗೈಯಲ್ಲಿಟ್ಟುಕೊಂಡು ಆಡುವುದುಂಟು. ದಸರೆಯ ಸುಮಾರಿಗೆ ಮಧ್ಯ ಏಷ್ಯಾದ ಹುಲ್ಲುಗಾವಲುಗಳಿಂದ ಸೆಳೆವ ಎಂಬ ನೀಳರೆಕ್ಕೆಯ ಬೇಟೆಹಕ್ಕಿಗಳು ದಖ್ಖನಿನ ಬಯಲಿಗೆ ಇಳಿಯುತ್ತವೆ. ಹಗಲೆಲ್ಲ ಜೋಳದ ಮೇಲೆ ತಗ್ಗಿ ಹಾರಿ ಮಿಡತೆಯನ್ನೂ ಇಲಿಯನ್ನೂ ಹಿಡಿಯುತ್ತವೆ. ರಾತ್ರಿ ಮರವೇರುವುದಿಲ್ಲ, ಹುಲ್ಲಿನಲ್ಲಿ ನೆಲದ ಮೇಲೆಯೇ ಒತ್ತಟ್ಟಿಗೆ ಮಲಗುತ್ತವೆ. ಎರಿಯಲ್ಲಿ ಉಂಡು ಮಡ್ಡಿಯಲ್ಲಿ ಮಲಗುವ ಈ ಅತಿಥಿಗಳಿಗೆ ಎರಡೂ ಬೇಕು. ಅವು ತಿನ್ನುವ ಇಲಿ, ಮಿಡತೆಗಳ ಲೆಕ್ಕವನ್ನು ಒಕ್ಕಲಿಗ ಬರೆದಿಟ್ಟಿಲ್ಲ, ಅಷ್ಟೇ.

ಈ ಸೀಮೆಯ ಪ್ರಾಣಿಗಳ ಲೆಕ್ಕವನ್ನು ಬರೆದಿಡಲು ಹೊರಟವನೊಬ್ಬ ಇಲ್ಲಿಯೇ ಹತ್ತಿರದಲ್ಲಿ ಸೆರೆಸಿಕ್ಕಿದ್ದವನೆಂಬುದು ವಿಚಿತ್ರ. 1824ರ ಕಿತ್ತೂರಿನ ಕಾಳಗದಲ್ಲಿ ಕಲೆಕ್ಟರ್ ಥ್ಯಾಕರೆ ಸತ್ತಾಗ, ಅವನ ಸಹಾಯಕರಾದ ಸ್ಟೀವನ್‌ಸನ್ ಮತ್ತು ಎಲಿಯಟ್ ಕಿತ್ತೂರಿನವರ ಕೈಸೆರೆಯಾದರು. ಆ ವಾಲ್ಟರ್ ಎಲಿಯಟ್ ಮುಂದೆ ದಕ್ಷಿಣ ಮರಾಠಾ ಸೀಮೆ ಎಂದು ಆಗ ಕರೆಯುತ್ತಿದ್ದ ಧಾರವಾಡ-ಬೆಳಗಾವಿ ಭಾಗದ ಸಸ್ತನಿ ಪ್ರಾಣಿಗಳ ಪಟ್ಟಿಯನ್ನು 1839ರಲ್ಲಿ ಪ್ರಕಟಿಸಿದ. ಪ್ರಾಣಿಗಳ ಕನ್ನಡದ ಹೆಸರುಗಳನ್ನೂ ಕೇಳಿ ಬರೆದುಕೊಂಡ. ತೋಳ, ನರಿ, ಚಿಗರಿ, ಚಿಂಕಾರ ಎಲ್ಲ ಈ ಬಯಲಿನ ಪ್ರಜೆಗಳು. ಇಂದು ಚಿಗರಿ ಎಂದರೆ ಹುಬ್ಬಳ್ಳಿ-ಧಾರವಾಡದ ಹುಡುಗರಿಗೆ ನೆನಪಾಗುವುದು ಅವರ ಊರಿನ ನಡುವೆ ಓಡುವ ಬಸ್ಸು. ಪ್ರಾಣಿ ಹಿಂದೆ ಸರಿದು ಹೆಸರು ಮುಂದೆ ಬಂದಿದೆ.

ಎರೆಭೂತದ ಕತೆ ಇನ್ನೂ ದುಃಖಕರ. ಮೀಟರ್ ಎತ್ತರದ, ಹದಿನೈದು ಕಿಲೋ ತೂಗಬಲ್ಲ ಈ ಹಕ್ಕಿಯ ಹೆಸರೇ ಕರಿನೆಲದಿಂದ ಬಂದುದು. ರಾಷ್ಟ್ರಪಕ್ಷಿ ಯಾವುದಾಗಬೇಕೆಂಬ ಚರ್ಚೆ ನಡೆದಾಗ ಸಲೀಂ ಅಲಿಯವರು ಇದರ ಪರವಾಗಿದ್ದರು. 1963ರಲ್ಲಿ ಆ ಗೌರವ ನವಿಲಿಗೆ ಹೋಯಿತು. ಸಾಮಾನ್ಯವಾಗಿ ವರ್ಷಕ್ಕೊಂದೇ ಮೊಟ್ಟೆಯಿಡುವ, ಅದನ್ನೂ ಬರಿಯ ನೆಲದ ಮೇಲಿಡುವ ಹಕ್ಕಿ ಉಳಿಯುವುದಾದರೂ ಹೇಗೆ? ಲೋಕದಲ್ಲೆಲ್ಲ ಈಗ ಇನ್ನೂರಕ್ಕಿಂತ ಕಡಮೆ ಉಳಿದಿವೆ, ಬಹುಪಾಲು ರಾಜಸ್ಥಾನದಲ್ಲಿ. ಕರ್ನಾಟಕದಲ್ಲಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಹೊಲಗಳಲ್ಲಿ ಕೈಬೆರಳೆಣಿಕೆಯಷ್ಟು ಕಂಡುಬಂದಿವೆ.

ಇಷ್ಟೆಲ್ಲ ಜೀವಿಗಳಿಗೆ ಆಶ್ರಯವಾದ ನೆಲಕ್ಕೆ ಸರ್ಕಾರದ ಕಾಗದದಲ್ಲಿ ಇರುವ ಹೆಸರು ಒಂದೇ: ಖರಾಬು. ಉತಾರದಲ್ಲಿ ಎಕರೆ ಗುಂಟೆಗಳ ಪಕ್ಕದಲ್ಲಿ ಆ ಮಾತು ಬಿದ್ದಿತೆಂದರೆ ತೀರಿತು. ಕಂದಾಯ ಕೊಡಲಾರದ ನೆಲ, ಆದುದರಿಂದ ಏನನ್ನೂ ಕೊಡಲಾರದ ನೆಲ. 2000ದಲ್ಲಿ ಭಾರತದ ಪಾಳುಭೂಮಿಗಳ ನಕ್ಷಾಪುಸ್ತಕ ಮೊದಲ ಬಾರಿಗೆ ಬಂದಾಗ ಅದರಲ್ಲಿ ಹುಲ್ಲುಬಯಲುಗಳೂ ಕುರುಚಲು ನೆಲವೂ ಸೇರಿಹೋದವು. ಪಾಳುಭೂಮಿಯನ್ನು ಕಂಡೊಡನೆ ಸಜ್ಜನರಿಗೆ ಗಿಡ ನೆಡಬೇಕೆನಿಸುವುದು ಸಹಜ. ಆ ಉತ್ಸಾಹವನ್ನು ಜರೆಯುವುದು ಕಷ್ಟ; ಆದರೆ ಬಯಲಿನ ಹಕ್ಕಿಗೆ ನೀಲಗಿರಿಯ ತೋಪು ಕಾಡಲ್ಲ, ಗೋಡೆ. 1974ರಲ್ಲಿ ರಾಣೆಬೆನ್ನೂರಿನಲ್ಲಿ ಸುಮಾರು 119 ಚದರ ಕಿಲೋಮೀಟರಿನ ಕೃಷ್ಣಮೃಗ ಅಭಯಾರಣ್ಯವಾದಾಗ ಅದರ ಬಹುಭಾಗದಲ್ಲಿ ನೀಲಗಿರಿ ಎದ್ದಿತ್ತು. ಕೃಷ್ಣಮೃಗಗಳು ಹೇಗೋ ಹೊಂದಿಕೊಂಡು ಹೆಚ್ಚಿದವು. ಒಂದು ಕಾಲಕ್ಕೆ ಅಲ್ಲಿಯೂ ಇದ್ದ ಎರೆಭೂತ ಮಾತ್ರ ಮಾಯವಾಯಿತು.

ಗಾಳಿಯಿಂದ ವಿದ್ಯುತ್ತು ತೆಗೆಯುವ ಯಂತ್ರಗಳೂ ಬೋಳು ಗುಡ್ಡಗಳನ್ನೇ ಆರಿಸಿಕೊಳ್ಳುತ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮರಿಯಾ ಠಾಕರ್ ಮತ್ತು ಸಂಗಡಿಗರು ಸಾತಾರಾ ಜಿಲ್ಲೆಯ ಚಾಳ್ಕೇವಾಡಿಯಲ್ಲಿ ಇದನ್ನು ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದರು. ಯಂತ್ರಗಳಿರುವಲ್ಲಿ ಬೇಟೆಹಕ್ಕಿಗಳು ನಾಲ್ಕರಲ್ಲೊಂದು ಪಾಲಿನಷ್ಟಾಗಿದ್ದವು. ಹೆದರಿಸುವವರು ಇಲ್ಲವಾದ್ದರಿಂದ ಬೀಸಣಿಗೆಗಂಟಲಿನ ಓತಿಗಳು ಹೆಚ್ಚಿದ್ದವು. ಮನುಷ್ಯ ಹತ್ತಿರ ಬಂದರೂ ಬೇಗ ಓಡುತ್ತಿರಲಿಲ್ಲ. ಮೈ ಮಾತ್ರ ಸೊರಗಿತ್ತು. ಒಣ ಮಡ್ಡಿಯಲ್ಲಿಯೂ ಒಂದು ಎಳೆ ಎಳೆದರೆ ಇನ್ನೊಂದು ಸಡಿಲುತ್ತದೆ. ಸರ್ಕಾರ ಕಣ್ಣು ತೆರೆದಿಲ್ಲವೆಂದೂ ಹೇಳುವಂತಿಲ್ಲ. ಬಾಗಲಕೋಟೆ ಜಿಲ್ಲೆಯ ಯಡಹಳ್ಳಿಯಲ್ಲಿ 2016ರಲ್ಲಿ ಚಿಂಕಾರಗಳಿಗಾಗಿ ಅಭಯಾರಣ್ಯವಾಯಿತು. ಕೊಪ್ಪಳ ಜಿಲ್ಲೆಯ ಬಂಕಾಪುರದಲ್ಲಿ ತೋಳಗಳಿಗೂ ಒಂದು ಧಾಮ ದೊರೆಯಿತು. ಆದರೆ ದಖ್ಖನಿನ ಬಯಲಿನ ಬಹುಪಾಲು ಅಭಯಾರಣ್ಯದಲ್ಲಿಲ್ಲ. ಎರಡೆಕರೆ ನಾಲ್ಕೆಕರೆಯ ತುಂಡುಗಳಾಗಿ ಮನೆಮನೆಯ ಟ್ರಂಕಿನಲ್ಲಿರುವ ಕಾಗದಗಳಲ್ಲಿದೆ. ಅದರ ಹಣೆಬರಹ ತೀರ್ಮಾನವಾಗುವುದು ರಾತ್ರಿ ಊಟವಾದ ಮೇಲೆ, ಪಡಸಾಲೆಯಲ್ಲಿ.

ನೇಸರಗಿಗೆ ಹತ್ತಿರದ ಒಂದು ಹಳ್ಳಿಯ ಪಡಸಾಲೆಯಲ್ಲಿ ಅಂತಹ ಮಾತು ಒಂದು ಬೇಸಿಗೆಯಲ್ಲಿ ನಡೆಯಿತು. ಮನೆಯ ಯಜಮಾನರು ಪ್ರಾಥಮಿಕ ಶಾಲೆಯಲ್ಲಿ ಕಲಿಸಿ ನಿವೃತ್ತರಾದ ಮಾಸ್ತರರು. ಆರೆಕರೆ ಎರಿ, ಅದಕ್ಕೆ ಹತ್ತಿಕೊಂಡು ನಾಲ್ಕೆಕರೆ ಮಡ್ಡಿ. ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಮನೆ ಕೊಂಡ ಸಾಲ ಇನ್ನೂ ಹದಿನಾಲ್ಕು ವರ್ಷವಿದೆ. ಸೊಸೆ ಮೈಸೂರಿನ ಕಡೆಯವಳು. ಮೊಮ್ಮಗ ಐದನೆಯ ಇಯತ್ತೆ. ಹೆದ್ದಾರಿಯ ಕೆಲಸಕ್ಕೆ ಗರಸು ಬೇಕಾದ ಗುತ್ತಿಗೆದಾರನೊಬ್ಬ, ಪರವಾನಗಿಯ ಕಾಗದವನ್ನೆಲ್ಲ ತಾನೇ ನೋಡಿಕೊಳ್ಳುವುದಾಗಿ ಹೇಳಿ, ಮಡ್ಡಿಗೆ ಒಳ್ಳೆಯ ಬೆಲೆ ಕಟ್ಟಿದ್ದ. ಎರಿಯಲ್ಲಿ ಎಷ್ಟೋ ವರ್ಷ ಜೋಳ ಬೆಳೆದರೂ ಕೈಗೆ ಬಾರದಷ್ಟು ಹಣ, ಒಂದೇ ಕಂತಿನಲ್ಲಿ.

“ಅಪ್ಪಾ, ಈ ಮಡ್ಡೀ ಇಟ್ಕೊಂಡು ಏನ ಮಾಡೂದೈತಿ?” ಎಂದು ಮಗ ಕೇಳಿದ.

“ಏನೂ ಮಾಡೂದಿಲ್ಲ. ಅದಕ್ಕ ಇಟ್ಟೇನಿ.”

ಇಂತಹ ಉತ್ತರವನ್ನು ಲೆಕ್ಕದ ಕಾಗದದ ಮೇಲೆ ಯಾವ ಕಡೆಗೆ ಬರೆಯಬೇಕೆಂದು ತಿಳಿಯದೆ ಮಗ ಸುಮ್ಮನಾದ. ಅವನನ್ನು ಲೋಭಿಯೆಂದು ತಿಳಿಯಬಾರದು. ತಿಂಗಳ ಮೊದಲ ವಾರದಲ್ಲಿ ಬ್ಯಾಂಕಿಗೆ ಕಟ್ಟುವ ಕಂತನ್ನು ಬಲ್ಲವರು ಅವನ ಪ್ರಶ್ನೆಯನ್ನು ತಪ್ಪೆನ್ನಲಾರರು. ತಂದೆಯ ಬಳಿಯಲ್ಲಿ ಹೇಳಿಕೊಳ್ಳುವಂತಹ ಕಾರಣವೂ ಇರಲಿಲ್ಲ. ನಿತ್ಯ ಸಂಜೆ ಅತ್ತ ಹೋಗಿ ಒಂದು ಕಲ್ಲಿನ ಮೇಲೆ ಅರ್ಧ ತಾಸು ಕೂತು ಬರುವುದನ್ನು ಉಪಯೋಗವೆಂದು ಯಾರು ಒಪ್ಪುತ್ತಾರೆ? ಕಾರಣ ಹೇಳಿದವರು ತಾಯಿ, ಅಡುಗೆಮನೆಯ ಬಾಗಿಲಿನಿಂದ.

“ಕುರಿ ಕೂಡೂದನ್ನ ಲೆಕ್ಕಾ ಹಿಡದೀಯೇನೋ ತಮ್ಮಾ? ಸುಗ್ಗಿ ಆದ ಮ್ಯಾಲ ಕುರಿಯವ ಬರ್ತಾನ. ಹಗಲೆಲ್ಲಾ ಮಡ್ಡ್ಯಾಗ ಮೇಯಸ್ತಾನ, ರಾತ್ರಿ ನಮ್ಮ ಎರ್‍ಯಾಗ ಕುರಿ ಕೂಡಸ್ತಾನ. ಮಡ್ಡಿ ಬಿಟ್ಟೇವಂತ ನಮ್ಮ ಕಡೆ ರೊಕ್ಕಾ ತಗೊಳ್ಳೂದಿಲ್ಲ. ಮಡ್ಡಿ ಹೋತಂದ್ರ ಅವನೂ ಹೋದ. ಆ ಗೊಬ್ಬರಾ ಒಂದ ವರ್ಷ ರೊಕ್ಕಾ ಕೊಟ್ಟು ತಂದು ನೋಡು, ಆಮ್ಯಾಲ ಮಾರು.”

ಶಾಲೆಯ ಮುಖವನ್ನು ನಾಲ್ಕು ವರ್ಷ ಮಾತ್ರ ಕಂಡ ಆ ತಾಯಿಯ ಲೆಕ್ಕ ಮನೆಯಲ್ಲಿಯ ಎಲ್ಲರ ಲೆಕ್ಕಕ್ಕಿಂತ ಚೊಕ್ಕಟವಾಗಿತ್ತು. ಎಳ್ಳ ಅಮಾವಾಸ್ಯೆಯ ದಿನ ಹೊಲದಲ್ಲಿ ಚರಗ ಚೆಲ್ಲುವಾಗ ಒಂದು ಹಿಡಿಯನ್ನು ಮಡ್ಡಿಯ ಕಡೆಗೂ ಚೆಲ್ಲುವುದು ಆಕೆಯ ರೂಢಿ. ಅದು ಭಕ್ತಿಯಷ್ಟೇ ವ್ಯವಹಾರವೂ ಆಗಿತ್ತೆಂದು ಆ ರಾತ್ರಿ ಸೊಸೆಗೆ ಹೊಳೆದಿರಬೇಕು. ಮಗ ಕಾಗದದ ಮೇಲೆ ಏನನ್ನೋ ಹೊಡೆದು ಹಾಕಿ ಮತ್ತೆ ಬರೆದ. ಕುರಿ ಕೂಡಿಸಿದ ಗೊಬ್ಬರದ ಬೆಲೆಯನ್ನು ಎಷ್ಟು ಹಿಗ್ಗಿಸಿದರೂ ಗುತ್ತಿಗೆದಾರನ ಹಣವನ್ನು ಮುಟ್ಟಲಿಲ್ಲ. ಅದು ಪ್ರತಿ ವರ್ಷ ಬರುವ ಹಣ, ಇದು ಒಮ್ಮೆ ಮಾತ್ರ ಬರುವ ಹಣ ಎಂಬ ಮಾತನ್ನು ಮಾಸ್ತರರು ಒಮ್ಮೆ ಹೇಳಿದರು, ಮತ್ತೆ ಹೇಳಲಿಲ್ಲ.

ಮರುದಿನ ಮುಂಜಾನೆ ಗುತ್ತಿಗೆದಾರನ ಕಡೆಯ ಹುಡುಗನೊಬ್ಬ ಸುಣ್ಣದ ಪುಡಿಯ ಚೀಲ ಹಿಡಿದು, ಎಲ್ಲಿಂದ ಎಲ್ಲಿಗೆ ಅಗೆಯಬಹುದೆಂದು ಗೆರೆ ಹಾಕಲು ಬಂದ. ತಮಾಷೆ ನೋಡಲು ಮೊಮ್ಮಗ ಓಡಿದ. ಅವನ ಹಿಂದೆ ಸೊಸೆ. ಮಡ್ಡಿಯ ನಡುವೆ ಟಿಟ್ಟಿಭಗಳೆರಡು ತಲೆಯ ಮೇಲೆ ಎರಗಿ ಎರಗಿ ಕೂಗತೊಡಗಿದವು. ಹುಡುಗ ಬೆದರಿ ನಿಂತ. ಸೊಸೆ ಬಗ್ಗಿ ನೆಲವನ್ನು ನೋಡಿದಳು; ಸ್ವಲ್ಪ ಹೊತ್ತು ನೋಡುತ್ತಲೇ ಇದ್ದಳು.

“ಮಾವ, ಇಲ್ಲಿ ಬನ್ನಿ. ಇವು ಕಲ್ಲಲ್ಲ!”

ಮಗುವಿನ ಚಪ್ಪಲಿಯಿಂದ ಎರಡು ಗೇಣು ಆಚೆಗೆ ನಾಲ್ಕು ಮೊಟ್ಟೆಗಳಿದ್ದವು, ಮೊನೆಗಳೆಲ್ಲ ಒಳಮುಖವಾಗಿ. ಸುಣ್ಣದ ಹುಡುಗನೂ ಬಂದು ನೋಡಿದ. ಅವನ ಅಜ್ಜ ಕುರಿ ಕಾಯುತ್ತಿದ್ದವನಂತೆ. ಇಂತಹವನ್ನು ಅವನು ಕಂಡಿದ್ದ. ಏನೂ ಮಾತಾಡದೆ, ತನ್ನ ಗೆರೆಯನ್ನು ಅಲ್ಲಿ ಸೊಟ್ಟ ಮಾಡಿ, ಮೊಟ್ಟೆಗಳನ್ನು ಹೊರಗಿಟ್ಟು ಮುಂದಕ್ಕೆ ಎಳೆದ. ನೆಲ ಅಗೆಯುವ ಯಂತ್ರಕ್ಕೆ ಸೊಟ್ಟ ಗೆರೆ ತಿಳಿಯುವುದಿಲ್ಲವೆಂದು ಅವನಿಗೂ ಗೊತ್ತಿರಲಿಲ್ಲವೆಂದಲ್ಲ.

ಆ ಸಂಜೆ ಮಗ ಗುತ್ತಿಗೆದಾರನಿಗೆ ಫೋನು ಮಾಡಿ, ಮಿರಗ ಆಗಲಿ, ಆಮೇಲೆ ನೋಡೋಣ ಎಂದ. ಮೊಟ್ಟೆಯ ಮಾತನ್ನು ಎತ್ತಲಿಲ್ಲ; ಮನೆಯಲ್ಲಿ ಇನ್ನೂ ಒಮ್ಮತವಾಗಿಲ್ಲ ಎಂದಷ್ಟೇ ಹೇಳಿದ. ಗುತ್ತಿಗೆದಾರನಿಗೆ ಕಾಯುವ ಪುರಸತ್ತು ಇರಲಿಲ್ಲ. ಅವನು ಪಕ್ಕದವರ ಐದೆಕರೆ ಮಡ್ಡಿಯನ್ನು ಹಿಡಿದ. ಒಂದು ತಿಂಗಳು ಹಗಲಿರುಳು ಟಿಪ್ಪರುಗಳು ಓಡಿ, ಅಲ್ಲೀಗ ಎರಡಾಳುದ್ದದ ಗುಂಡಿಯಿದೆ. ಮಾಸ್ತರರ ನಾಲ್ಕೆಕರೆ ಒಂದು ಕಡೆ ಎರಿ, ಇನ್ನೊಂದು ಕಡೆ ಕಡಿದಾದ ಗೋಡೆಯಾಗಿ, ನಕ್ಷೆಯಲ್ಲಿಯ ನಡುಗಡ್ಡೆಯಂತೆಯೇ ನಿಂತಿದೆ. ಮೊಟ್ಟೆಗಳಲ್ಲಿ ಮೂರು ಒಡೆದು ಮರಿಗಳಾದವು. ಪಕ್ಕದ ಮಡ್ಡಿಯಿಂದ ಎದ್ದ ಹಕ್ಕಿಗಳೂ ಇಲ್ಲಿಗೇ ಬಂದುವೋ ಏನೋ, ಆ ವರ್ಷ ಮಾಸ್ತರರು ಕೂರುವ ಕಲ್ಲಿನ ಸುತ್ತ ಗದ್ದಲ ಹೆಚ್ಚಾಗಿತ್ತು.

ಮಳೆಗಾಲದಲ್ಲಿ ಗುಂಡಿ ತುಂಬಿತು. ಚಳಿಗಾಲದ ಮುಂಜಾವುಗಳಲ್ಲಿ ಕಲ್ಲುಗೌಜಲುಗಳ ಗುಂಪೊಂದು ಅಲ್ಲಿಗೆ ನೀರಿಗೆ ಇಳಿಯತೊಡಗಿತು. ಇಷ್ಟು ಹತ್ತಿರದಲ್ಲಿ ಅವನ್ನು ಮಾಸ್ತರರು ಹಿಂದೆ ಕಂಡಿರಲಿಲ್ಲ. ಸಂಕ್ರಾಂತಿಗೆ ಬಂದ ಮಗ ಅದನ್ನು ಫೋನಿನಲ್ಲಿ ಚಿತ್ರ ಹಿಡಿದು ಬೆಂಗಳೂರಿನ ಸ್ನೇಹಿತರಿಗೆಲ್ಲ ಕಳಿಸಿದ. ಗುಂಡಿಯೂ ಒಂದು ಉಪಕಾರ ಮಾಡಿತಲ್ಲ ಎಂದು ಅವನು ಅಂದಾಗ ತಂದೆ ಅಲ್ಲಗಳೆಯಲಿಲ್ಲ. ಗುಂಡಿಯ ಅಂಚನ್ನು ಮಾತ್ರ ತೋರಿಸಿದರು. ಮಳೆಗೆ ಗೋಡೆ ಕುಸಿದು, ತಮ್ಮ ಮಡ್ಡಿಯ ಎರಡು ಮೂರು ಅಡಿ ಅಗಲದ ಪಟ್ಟಿ ಆ ನೀರಿಗೆ ಇಳಿದುಹೋಗಿತ್ತು. ಮುಂದೆ ಎಷ್ಟು ಹೋಗುವುದೆಂದು ತಿಳಿಯಲು ಅವರು ಅಂಚಿನುದ್ದಕ್ಕೂ ಜಾಲಿಯ ಗೂಟಗಳನ್ನು ಬಡಿದಿದ್ದಾರೆ. ಮಳೆಯಾದ ಮೇಲೆ ಹೋಗಿ ಎಣಿಸುತ್ತಾರೆ.

ಹೆದ್ದಾರಿಯ ಮುಂದಿನ ಹಂತದ ಕೆಲಸಕ್ಕೆ ಮತ್ತೆ ಗರಸು ಬೇಕಾಗಿದೆ. ಗುತ್ತಿಗೆದಾರನ ಫೋನು ಬಂದಿದೆ, ಬೆಲೆಯೂ ಏರಿದೆ. ದೀಪಾವಳಿಗೆ ಊರಿಗೆ ಬಂದಾಗ ಮಾತಾಡೋಣವೆಂದು ಮಗ ಹೇಳಿದ್ದಾನೆ. ಈ ಸಲ ಸುಗ್ಗಿ ಮುಗಿದೊಡನೆ ತಪ್ಪದೆ ಬರಬೇಕೆಂದು ತಾಯಿ ಕುರಿಯವನಿಗೆ ಈಗಲೇ ಹೇಳಿಕಳಿಸಿದ್ದಾರೆ.